ಜೋಳ ಹಳದಿ ಆಗಿದ್ದು ಯೂರಿಯಾ ಕಮ್ಮಿಯಾಗಿ ಅಲ್ಲ (ನನ್ನ ಅನುಭವ)

ನಮ್ದು ಶಿರಸಿ, ಬನವಾಸಿ ಕಡೆ. ದನಕ್ಕೆ ಮೇವಾಗ್ಲಿ, ಒಂಚೂರು ಕಾಳೂ ಸಿಗ್ಲಿ ಅಂತ ಹಿಂಗಾರಲ್ಲಿ ಜೋಳ ಹಾಕಿದ್ದೆ. ತಿಂಗಳಾಗೋದ್ರೊಳಗೆ ಒಂದು ಪಟ್ಟೆ ಪೂರ್ತಿ ಬಿಳಿಚ್ಕೊಂಡ್ತು. ನಾನು ಹಿಂದೆಮುಂದೆ ನೋಡ್ದೆ ಯೂರಿಯಾ ಎರಚ್ದೆ, ವಾರ ಆದ್ರೂ ಏನೂ ಇಲ್ಲ.

ಆಮೇಲೆ ಕೂತು ಎಲೆ ನೋಡಿದ್ರೆ ಕೆಳಗಿನ ಹಳೇ ಎಲೆ ಹಸಿರಾಗೇ ಇದೆ, ಸುಳಿ ಹತ್ರದ ಎಳೇ ಎಲೆ ಮಾತ್ರ ಹಳದಿ, ಅದರಲ್ಲೂ ನರ ಹಸಿರು ನಡುವಿನ ಜಾಗ ಹಳದಿ, ಗೀಟು ಎಳ್ದ ಹಾಗೆ. ಸಾರಜನಕ (ಯೂರಿಯಾ ಕೊಡೋದು ಇದನ್ನೇ) ಕಮ್ಮಿ ಆದ್ರೆ ಹಳೇ ಎಲೆ ತುದಿಯಿಂದ ಹಳದಿ ಆಗ್ತದೆ, ಪೊಟ್ಯಾಷ್ ಆದ್ರೆ ಹಳೇ ಎಲೆ ಅಂಚು ಸುಡ್ತದೆ. ಇದು ಕಬ್ಬಿಣದ ಕೊರತೆ! ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೇನು ಬರ ಅಂತ ತಲೆ ಕೆರ್ಕೊಂಡಾಗ ನೆನಪಾಯ್ತು, ಮಣ್ಣಿನ ಹುಳಿ ಕಮ್ಮಿ ಆಗ್ಲಿ ಅಂತ ತಂದ ಸುಣ್ಣ ರಾಶಿ ಹಾಕಿದ್ದು ಅದೇ ಪಟ್ಟೆಲಿ. ಸುಣ್ಣ ಜಾಸ್ತಿ ಆದ್ರೆ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ.

ಕುಮಟಾದ ಭಾವ ನಕ್ಕ, "ನಂಗಳ ಗದ್ದೆಲಿ ಕಬ್ಬಿಣ ಹೆಚ್ಚಾಗಿ ಭತ್ತ ಕೆಂಪಾಗ್ತು ಮಾರಾಯ, ನಿಂಗೆ ಕಮ್ಮಿ ಆತನಾ?"

20 ಲೀಟರ್ ನೀರಿಗೆ 100 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಉಪ್ಪು), ಸ್ವಲ್ಪ ಲಿಂಬೆ ರಸ, ಸಂಜೆ ಹೊತ್ತು ಸ್ಪ್ರೇ. ನಾಲ್ಕೈದು ದಿನಕ್ಕೆ ಹನಿ ಬಿದ್ದಲ್ಲೆಲ್ಲ ಹಸಿರು ಚುಕ್ಕೆ! 10 ದಿನ ಬಿಟ್ಟು ಇನ್ನೊಂದ್ಸಲ ಹೊಡೆದೆ, ಹೊಸ ಸುಳಿ ಹಸಿರಾಗೇ ಬಂತು.

ದಂಡ ಆಗಿದ್ದು ಆ ಯೂರಿಯಾ. ಎಳೇ ಜೋಳದಲ್ಲಿ ಮೊದಲೇ ವಿಷ ಇರ್ತದೆ, ಸಾರಜನಕ ಹೆಚ್ಚಾದ್ರೆ ಇನ್ನೂ ಕಷ್ಟ, ಹಾಗಾಗಿ ತೆನೆ ಬರೋವರೆಗೂ ದನಕ್ಕೆ ಒಂದು ಎಲೆನೂ ಹಾಕಿಲ್ಲ.