ಐಸಿಯುನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹರಡದಂತೆ ತಡೆಯುವ ಬಗೆ

ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ನಂತರ, ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು, ಆಲ್ಕೋಹಾಲ್ ದ್ರಾವಣದಿಂದ 20ರಿಂದ 30 ಸೆಕೆಂಡು ಕೈ ಉಜ್ಜಿಕೊಳ್ಳಬೇಕು. ಹೆಬ್ಬೆರಳಿನ ಬುಡ ಮತ್ತು ಬೆರಳ ತುದಿಗಳು ಹಲವರಿಗೆ ಮರೆತೇಹೋಗುತ್ತವೆ. ಕೈಗವಸು ಇದಕ್ಕೆ ಬದಲಿಯಲ್ಲ. ಅಸಿನೆಟೊಬ್ಯಾಕ್ಟರ್‌ನಂತಹ ಬ್ಯಾಕ್ಟೀರಿಯಾ ಒಣಗಿದ ಮಂಚದ ಸರಳಿನ ಮೇಲೂ ವಾರಗಟ್ಟಲೆ ಬದುಕಬಲ್ಲವಾದ್ದರಿಂದ, ಸರಳು ಹಿಡಿದ ಕೈಯಿಂದಲೇ ರೋಗಿಯ ಕೊಳವೆಗಳನ್ನು ಮುಟ್ಟಬಾರದು.

ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುನ್ನವೇ ವೈದ್ಯರು, ಯಾವ ಬ್ಯಾಕ್ಟೀರಿಯಾ ಇದೆಯೆಂದು ಬೆಳೆಸಿ ನೋಡುವ ಪರೀಕ್ಷೆಯಾದ ರಕ್ತದ ಕಲ್ಚರ್‌ಗೆ ಮಾದರಿ ತೆಗೆಯಬೇಕು, ಆದರೆ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಹಾನಿಯಾಗುವ, ಪ್ರಾಣಾಪಾಯದ ಸ್ಥಿತಿ) ಇರುವಾಗ ಅದಕ್ಕಾಗಿ ಔಷಧವನ್ನು ತಡಮಾಡಬಾರದು. 48ರಿಂದ 72 ಗಂಟೆಗಳಲ್ಲಿ ವರದಿ ನೋಡಿ, ಔಷಧವನ್ನು ಬದಲಿಸಬೇಕೇ, ನಿಲ್ಲಿಸಬೇಕೇ ಎಂದು ತೀರ್ಮಾನಿಸಬೇಕು. ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು, ಮೂತ್ರದ ಕೊಳವೆಯೂ ರಕ್ತನಾಳದ ಕೊಳವೆಯೂ ಇಂದು ಇನ್ನೂ ಬೇಕೇ ಎಂದು ಪ್ರತಿ ಬೆಳಿಗ್ಗೆ ಕೇಳಿ, ಬೇಡವಾದದ್ದನ್ನು ಅಂದೇ ತೆಗೆಸುವುದು.