ಪಾರ್ಸೆಲ್ ಬರಲಿ, ವಿಳಾಸ ಊರೆಲ್ಲ ಸುತ್ತದಿರಲಿ

ಆನ್‌ಲೈನ್‌ನಲ್ಲಿ ತರಿಸಿದ ಡಬ್ಬ ಯಾವುದಾದರೂ ಮನೆಯಲ್ಲಿದ್ದರೆ, ಅದರ ಮೇಲಿನ ಚೀಟಿ ಒಮ್ಮೆ ಓದಿ ನೋಡಿ. ಹೆಸರು. ಮನೆ ನಂಬರ್, ಎಷ್ಟನೇ ಮಹಡಿ, ಎಷ್ಟನೇ ಅಡ್ಡರಸ್ತೆ, 'ಗಣೇಶನ ಗುಡಿ ಎದುರು' ಅನ್ನುವ ಗುರುತು, ಪಿನ್‌ಕೋಡ್. ಚಿಕ್ಕ ಮಾರಾಟಗಾರರಾದರೆ ಮೊಬೈಲ್ ನಂಬರ್ ಕೂಡ ಪೂರ್ತಿ ಇರುತ್ತದೆ. ಪಕ್ಕದ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಲ್ಲು. ಏನು ತರಿಸಿದಿರಿ, ಎಷ್ಟು ದುಡ್ಡು ಕೊಟ್ಟಿರಿ ಎಲ್ಲ ಅದರಲ್ಲಿದೆ. ಗೋದಾಮಿನಿಂದ ಬಾಗಿಲವರೆಗೆ ಈ ಚೀಟಿಯನ್ನು ಯಾರ್ಯಾರು ನೋಡಿದರೋ ಗೊತ್ತಿಲ್ಲ. ಆಮೇಲೆ ಡಬ್ಬ ಒಣ ಕಸಕ್ಕೆ ಹೋಗುತ್ತದೆ, ಚೀಟಿ ಸಮೇತ.

ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವವಳು. ಸೋಪಿನಿಂದ ಹಿಡಿದು ಸೀರೆವರೆಗೆ ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಅದನ್ನು ಬಿಡುವ ಯೋಚನೆಯೂ ಇಲ್ಲ. ವಿಳಾಸವನ್ನು ಪೂರ್ತಿ ಬಚ್ಚಿಡುವುದು ಆಗದ ಮಾತು. ನಾನು ನೋಡಿಕೊಳ್ಳುವುದು ಇಷ್ಟೇ: ಪೂರ್ತಿ ಹೆಸರು, ದಿನಾ ಬಳಸುವ ನಂಬರ್, ಮನೆ ಬಾಗಿಲು, ಈ ಮೂರೂ ಒಂದೇ ಕಡೆ ಸಿಗಬಾರದು. ಬಿಡಿಬಿಡಿಯಾಗಿ ಸಿಕ್ಕರೆ ಮೋಸಗಾರನಿಗೆ ಜಾಸ್ತಿ ಪ್ರಯೋಜನ ಇಲ್ಲ. ಮೂರೂ ಒಟ್ಟಿಗೆ ಸಿಕ್ಕರೆ, ಫೋನ್ ಮಾಡಿ ನಮ್ಮ ಹೆಸರು ಹಿಡಿದು ಕರೆದು, ನಮ್ಮ ವಿಳಾಸವನ್ನೇ ಓದಿ ಹೇಳಿ, ಸಲೀಸಾಗಿ ನಂಬಿಸಿಬಿಡುತ್ತಾನೆ.

ಹೆಸರಿನದು ಸುಲಭ. ಡೆಲಿವರಿ ವಿಳಾಸದಲ್ಲಿ ನನ್ನ ಹೆಸರಿನ ಜಾಗದಲ್ಲಿ ಇನಿಶಿಯಲ್ ಮತ್ತು ಅಪ್ಪನ ಹೆಸರು ಹಾಕುತ್ತೇನೆ. ಹೆಣ್ಣೋ ಗಂಡೋ, ಒಬ್ಬರೇ ಇದ್ದಾರೋ ಸಂಸಾರ ಇದೆಯೋ ಅಂತ ಚೀಟಿ ನೋಡಿದವರಿಗೆ ತಿಳಿಯುವುದಿಲ್ಲ. ವಾರಂಟಿ ಇರುವ ಸಾಮಾನಾದರೆ ಮಾತ್ರ ಬಿಲ್ಲಿನಲ್ಲಿ ಪೂರ್ತಿ ಹೆಸರು ಇದ್ದರೆ ಒಳ್ಳೆಯದು. ಬಿಲ್ಲಿಂಗ್ ವಿಳಾಸ ಬೇರೆ, ಡೆಲಿವರಿ ವಿಳಾಸ ಬೇರೆ ಕೊಡಲು ಬಹಳ ಕಡೆ ಅವಕಾಶ ಇದೆ. ಅದನ್ನು ಬಳಸಿಕೊಳ್ಳಿ.

ನಂಬರಿಗೆ ಸ್ವಲ್ಪ ಖರ್ಚಿದೆ. ಶಾಪಿಂಗಿಗೇ ಅಂತ ಇನ್ನೊಂದು ಸಿಮ್ ಇಟ್ಟಿದ್ದೇನೆ. ಬ್ಯಾಂಕ್, ಆಧಾರ್, ಯುಪಿಐ ಯಾವುದಕ್ಕೂ ಅದನ್ನು ಜೋಡಿಸಿಲ್ಲ. ವ್ಯಾಲಿಡಿಟಿ ಮುಗಿಯದಂತೆ ಕಡಿಮೆ ದರದ ರೀಚಾರ್ಜ್ ಹಾಕುತ್ತಾ ಇರಬೇಕು. ಬಳಸದೆ ಬಿಟ್ಟ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ಆಮೇಲೆ ನಿಮ್ಮ ಖಾತೆಯ ಓಟಿಪಿ ಅವರ ಫೋನಿಗೆ ಬರುತ್ತದೆ. ಸಿಮ್ ಬಿಡುವುದಾದರೆ ಮೊದಲು ಎಲ್ಲ ಖಾತೆಗಳಲ್ಲೂ ನಂಬರ್ ಬದಲಿಸಿ, ಆಮೇಲೆ ಬಿಡಿ. ಆ ನಂಬರಿನ ವಾಟ್ಸಾಪ್‌ನಲ್ಲಿ ಫೋಟೊ ಇಲ್ಲ, ಸ್ಟೇಟಸ್ ಇಲ್ಲ. ಲೊಕೇಶನ್ ಕೇಳಿದರೆ ಆಗಿನ ಜಾಗ ಮಾತ್ರ ಕಳಿಸುತ್ತೇನೆ, ಲೈವ್ ಲೊಕೇಶನ್ ಯಾವತ್ತೂ ಇಲ್ಲ.

ಯುಪಿಐ ಕಡೆಯೂ ಒಂದು ಕಣ್ಣಿರಲಿ. ಮೊಬೈಲ್ ನಂಬರನ್ನೇ ಯುಪಿಐ ಐಡಿ ಮಾಡಿಕೊಂಡವರು ಬಹಳ ಜನ. ನಂಬರ್ ಇಲ್ಲದ ಐಡಿ ಒಂದನ್ನು ಮಾಡಿಟ್ಟುಕೊಂಡು ಅದರಿಂದಲೇ ಹಣ ಕಳಿಸಿ. ಎರಡನೇ ಸಿಮ್ ಇಟ್ಟುಕೊಂಡು ಬಾಗಿಲಲ್ಲಿ ಕ್ಯುಆರ್ ಸ್ಕ್ಯಾನ್ ಮಾಡುವಾಗ ಮೊದಲನೇ ನಂಬರ್ ಕೊಟ್ಟರೆ ಏನು ಬಂತು? ಬ್ಯಾಂಕಿನಲ್ಲಿರುವ ಹೆಸರು ಹೇಗೂ ಅವರಿಗೆ ಕಾಣುತ್ತದೆ. ಅದಕ್ಕೇ ನಾನು ಆದಷ್ಟೂ ಮೊದಲೇ ದುಡ್ಡು ಕಟ್ಟಿಬಿಡುತ್ತೇನೆ.

ಇನ್ನು ವಿಳಾಸ. ಮೊದಲು ಆಫೀಸಿಗೆ ತರಿಸುತ್ತಿದ್ದೆ. ಆಮೇಲೆ ಸ್ವಂತ ಪಾರ್ಸೆಲ್ ತರಿಸಬೇಡಿ ಅಂತ ಸುತ್ತೋಲೆ ಬಂತು. ಅಮೆಜಾನ್‌ನಲ್ಲಿ ಪಿಕಪ್ ಪಾಯಿಂಟ್ ಆರಿಸಿಕೊಳ್ಳುವ ವ್ಯವಸ್ಥೆ ಇದೆ, ಹತ್ತಿರದಲ್ಲಿದ್ದರೆ ಒಳ್ಳೆಯದೇ. ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಸಿಗುತ್ತದೆ. ಆದರೆ ಖಾಸಗಿ ಕೊರಿಯರ್‌ನವರು ಅಲ್ಲಿಗೆ ತಂದುಕೊಡುವುದಿಲ್ಲ, ಅಂಚೆಯಲ್ಲಿ ಬರುವುದಕ್ಕೆ ಮಾತ್ರ. ಕೊನೆಗೆ ನನಗೆ ಕೈಹಿಡಿದದ್ದು ನಮ್ಮ ರಸ್ತೆ ತುದಿಯ ಶೆಟ್ಟರ ಅಂಗಡಿ.

ಕೇಳಿಯೇಬಿಟ್ಟೆ. "ಶೆಟ್ರೇ, ನನ್ನ ಪಾರ್ಸೆಲ್ ನಿಮ್ಮ ಅಂಗಡೀಲಿ ಇಳಿಸ್ಕೋತೀರಾ?"

"ಇಳಿಸ್ಕೋತೀನಮ್ಮ, ಅದಕ್ಕೇನಂತೆ. ಆದ್ರೆ ದುಡ್ಡು ಕಟ್ಟಿ ತಗೊಳ್ಳೋದು ಮಾತ್ರ ಬೇಡ. ಮತ್ತೆ ರಾತ್ರಿ ಒಳಗೆ ಬಂದು ತಗೊಂಡ್ಹೋಗ್ಬೇಕು, ಇಲ್ಲಿ ಜಾಗ ಇಲ್ಲ."

ಎರಡೂ ಷರತ್ತು ನ್ಯಾಯವಾದದ್ದೇ. ಹಾಲು, ಮೊಸರು, ತರಕಾರಿ ಎಲ್ಲ ಅವರಲ್ಲೇ ಕೊಳ್ಳುತ್ತೇನೆ, ಅವರ ಉಪಕಾರಕ್ಕೆ ಅಷ್ಟಾದರೂ ಬೇಡವೇ. ಈಗ ಚೀಟಿಯಲ್ಲಿ ಅವರ ಅಂಗಡಿಯ ವಿಳಾಸ ಇರುತ್ತದೆ. ಅದು ಹೇಗೂ ಬೋರ್ಡಿನ ಮೇಲೇ ಬರೆದಿದೆ.

ಓಟಿಪಿ ಬೇಕಾದಾಗ ಡೆಲಿವರಿ ಹುಡುಗ ನನಗೆ ಫೋನ್ ಮಾಡುತ್ತಾನೆ. ಆಗ ನಾನು ಕೇಳುವುದು ಒಂದೇ ಮಾತು: "ಫೋನ್ ಶೆಟ್ರಿಗೆ ಕೊಡಪ್ಪ." ನಿಜವಾಗಿ ಅಂಗಡಿ ಮುಂದೆ ನಿಂತಿದ್ದರೆ ತಕ್ಷಣ ಶೆಟ್ಟರ ಧ್ವನಿ ಕೇಳುತ್ತದೆ, ಓಟಿಪಿ ಅವರಿಗೇ ಹೇಳುತ್ತೇನೆ. ಇನ್ನೆಲ್ಲೋ ಕೂತು ಮಾಡುವವನಾದರೆ ಏನೇನೋ ಸಬೂಬು ಹೇಳುತ್ತಾನೆ, ಇಲ್ಲವೇ ಕಟ್ ಮಾಡುತ್ತಾನೆ. ಒಬ್ಬ 'ವಿಳಾಸ ಸಿಗ್ತಿಲ್ಲ ಮೇಡಂ, ನಮ್ಮ ಹುಡುಗನ ನಂಬರಿಗೆ ಕನೆಕ್ಟ್ ಆಗೋಕೆ ಈ ಕೋಡ್ ಒತ್ತಿ' ಅಂದ. ಸ್ಟಾರ್ 21, ಸ್ಟಾರ್ 401 ಅಂತ ಶುರುವಾಗುವ ಕೋಡ್‌ಗಳು ನಮ್ಮ ಕರೆಗಳನ್ನು ಬೇರೆಯವರ ಫೋನಿಗೆ ತಿರುಗಿಸುವಂಥವು. ಅದನ್ನು ಒತ್ತಿದರೆ ಕರೆಯಲ್ಲಿ ಬರುವ ಓಟಿಪಿ ಅವರಿಗೆ ಹೋಗುತ್ತದೆ. ಯಾವ ಡೆಲಿವರಿಯವರಿಗೂ ಅದರ ಅಗತ್ಯ ಇಲ್ಲ. ಹಾಗಂತ ಡೆಲಿವರಿ ಹುಡುಗರನ್ನೆಲ್ಲ ಅನುಮಾನದಿಂದ ನೋಡುವುದು ನನಗಿಷ್ಟವಿಲ್ಲ. ಬಿಸಿಲಲ್ಲಿ ಸುತ್ತಿ ಕೆಲಸ ಮಾಡುವವರು ಅವರು. ಅವರ ಹೆಸರು ಹೇಳಿಕೊಂಡು ಫೋನ್ ಮಾಡುವವರೇ ಬೇರೆ.

ಮ್ಯಾಪಿನ ಪಿನ್ ಬಗ್ಗೆ ಬಹಳ ಜನ ಯೋಚಿಸುವುದೇ ಇಲ್ಲ. ವಿಳಾಸವನ್ನು ಎಷ್ಟೇ ಮೋಟಾಗಿ ಬರೆದರೂ ಆ್ಯಪ್‌ನಲ್ಲಿ ಪಿನ್ ನೇರ ನಿಮ್ಮ ಮನೆ ಚಾವಣಿ ಮೇಲೆ ಕೂತಿದ್ದರೆ ಏನು ಬಂತು? ನಾನು ಪಿನ್ ಎಳೆದು ರಸ್ತೆ ತುದಿಗೆ ಇಡುತ್ತೇನೆ. ಊಟ ತರಿಸಿದಾಗಲೂ ಅಷ್ಟೇ, ಇಳಿದು ಹೋಗಿ ತರುತ್ತೇನೆ. ಮಳೆ ಬಂದ ದಿನ ಈ ನಿಯಮ ಮುರಿದು ಮನೆ ಬಾಗಿಲಿಗೇ ಕರೆಸಿದ್ದೂ ಉಂಟು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಅಂತ ತಂದಿತಲ್ಲ, ಹತ್ತು ಅಕ್ಷರ-ಅಂಕಿಗಳ ಕೋಡ್, ಸುಮಾರು 4 ಮೀಟರ್ ಉದ್ದ 4 ಮೀಟರ್ ಅಗಲದ ಚೌಕವನ್ನು ತೋರಿಸುತ್ತದೆ. ಆಂಬುಲೆನ್ಸ್‌ಗೆ ಜಾಗ ಹೇಳುವಂಥ ಹೊತ್ತಲ್ಲಿ ಅದು ಉಪಯೋಗಕ್ಕೆ ಬರಬಹುದು. ಕುರ್ತಾ ತರಿಸೋಕೆ ನನ್ನ ಹಾಲ್ ಯಾವ ಚೌಕದಲ್ಲಿದೆ ಅಂತ ಹೇಳಬೇಕಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಉಪಾಯ ಬೇರೆ. ಮನೆಗೇ ತರಿಸಬೇಕಾದಾಗ ಒಂದೊಂದು ಅಂಗಡಿಗೆ ವಿಳಾಸವನ್ನು ಒಂದೊಂದು ಥರ ಬರೆಯುತ್ತೇನೆ. ಒಂದು ಕಡೆ 'ಮೊದಲನೇ ಮಹಡಿ', ಇನ್ನೊಂದು ಕಡೆ 'ಮೇಲಿನ ಮನೆ', ಮತ್ತೊಂದರಲ್ಲಿ ಮನೆ ನಂಬರಿನ ಮುಂದೆ ಸುಮ್ನೆ ಒಂದು ಅಕ್ಷರ. ಡೆಲಿವರಿಗೆ ಏನೂ ತೊಂದರೆ ಇಲ್ಲ, ಎಲ್ಲರೂ ಸರಿಯಾಗಿ ಬರುತ್ತಾರೆ. ಯಾವುದು ಯಾರಿಗೆ ಅಂತ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ. ಇಮೇಲಿಗೂ ಇದೇ ಉಪಾಯ ನಡೆಯುತ್ತದೆ. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ, @ ಗುರುತಿಗೆ ಮೊದಲು, ಪ್ಲಸ್ ಗುರುತು ಹಾಕಿ ಅಂಗಡಿ ಹೆಸರು ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ.

ಒಂದು ದಿನ ಅಂಚೆಯಲ್ಲಿ ದಪ್ಪನೆಯ ಲಕೋಟೆ ಬಂತು. ಒಳಗೆ ಹೊಳೆಯುವ ಸ್ಕ್ರಾಚ್ ಕಾರ್ಡ್, ಗೆದ್ದವರಿಗೆ ಕಾರು ಅಂತ ಬಣ್ಣಬಣ್ಣದ ಕಾಗದ, ಸಹಿ, ಸೀಲು. ಕೆರೆದರೆ ಬಹುಮಾನ ಬಂದೇ ಬಂದಿರುತ್ತದೆ. ಪಡೆಯೋಕೆ ಮೊದಲು 'ತೆರಿಗೆ' ಕಟ್ಟಬೇಕು. ಇದು ಹಳೇ ಮೋಸ, ಅದರಲ್ಲಿ ವಿಶೇಷ ಇಲ್ಲ. ನಾನು ನೋಡಿದ್ದು ಲಕೋಟೆ ಮೇಲಿನ ವಿಳಾಸ. 'ಮೇಲಿನ ಮನೆ' ಅಂತಿತ್ತು. ಡೈರಿ ತೆಗೆದೆ. ಹಾಗೆ ಬರೆದುಕೊಟ್ಟದ್ದು ಬಟ್ಟೆ ಮಾರುವ ಒಂದೇ ಒಂದು ಚಿಕ್ಕ ವೆಬ್‌ಸೈಟಿಗೆ.

ಅವರ ದೂರು ಅಧಿಕಾರಿಗೆ ಇಮೇಲ್ ಬರೆದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಅಧಿಕಾರಿ ಇರಲೇಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಈ ಎರಡು ಸಾಲನ್ನು ಪತ್ರದಲ್ಲೇ ಹಾಕಿದ್ದರಿಂದಲೋ ಏನೋ ಉತ್ತರ ಬೇಗ ಬಂತು. ತಪ್ಪು ನಮ್ಮದಲ್ಲ, ಕೊರಿಯರ್‌ನವರದ್ದಿರಬಹುದು ಅಂದರು. ಕೊರಿಯರ್‌ನವರು ನಮ್ಮದಲ್ಲ ಅಂದರು. ಎಲ್ಲಿ ಸೋರಿತು ಅಂತ ಕೊನೆಗೂ ತಿಳಿಯಲಿಲ್ಲ. ನನ್ನ ಖಾತೆ, ವಿಳಾಸ, ನಂಬರ್ ಅಳಿಸಿದ್ದೇವೆ ಅಂತ ಬರವಣಿಗೆಯಲ್ಲಿ ಕೊಟ್ಟರು. ಅಷ್ಟು ಸಿಕ್ಕಿತು.

ಹೀಗೆ ಸೋರೋಕೆ ಇನ್ನೊಂದು ದಾರಿಯೂ ಇದೆ. ನೀವು ಹಿಂದೆಂದೂ ಕಾಲಿಡದ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ಟ ಕೂಡಲೇ ಮನೆ ವಿಳಾಸ ತಾನಾಗಿ ಬಂದು ಕೂರುವುದನ್ನು ನೋಡಿದ್ದೀರಾ? ಅದೇನು ಮಾಟವಲ್ಲ. ಚಿಕ್ಕ ಚಿಕ್ಕ ಅಂಗಡಿಗಳು ದುಡ್ಡು ಕಟ್ಟಿಸಿಕೊಳ್ಳುವ ಪುಟವನ್ನು ಬೇರೆ ಕಂಪನಿಯಿಂದ ಪಡೆದಿರುತ್ತವೆ. ನೀವು ಮೊದಲು ಎಲ್ಲೋ ಕೊಟ್ಟ ವಿಳಾಸ ಆ ಕಂಪನಿಯ ಬಳಿ, ನಿಮ್ಮ ನಂಬರಿಗೆ ಅಂಟಿಕೊಂಡು ಕೂತಿರುತ್ತದೆ. ಟೈಪ್ ಮಾಡುವುದು ಉಳಿಯಿತು ಅಂತ ಖುಷಿಪಡುವವರು ಪಡಲಿ. ನನ್ನ ಎರಡನೇ ಸಿಮ್ ಬೆಲೆ ಇಲ್ಲಿ ಗೊತ್ತಾಯಿತು. ಆ ನಂಬರಿಗೆ ಅಂಟಿದ್ದು ಶೆಟ್ಟರ ಅಂಗಡಿ ವಿಳಾಸ. 'ವಿಳಾಸ ಉಳಿಸಿಕೊಳ್ಳಲೇ' ಅಂತ ಕೇಳುವ ಚೌಕದಲ್ಲಿ ಸಾಮಾನ್ಯವಾಗಿ ಟಿಕ್ ಮೊದಲೇ ಬಿದ್ದಿರುತ್ತದೆ, ಅದನ್ನು ತೆಗೆದು ಮುಂದೆ ಹೋಗಿ.

ಡಬ್ಬ ಮನೆಗೆ ಬಂದ ಮೇಲೆ ಚೀಟಿಯ ಕೆಲಸ. ಮಾರ್ಕರ್ ಬಳಿದರೆ ಸಾಲದು, ಬೆಳಕಿಗೆ ಓರೆ ಹಿಡಿದರೆ ಅಕ್ಷರ ಕಾಣುತ್ತದೆ. ಮೊದಲು ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಅದರಲ್ಲಿ ಇಂಕೇ ಇರುವುದಿಲ್ಲ, ಬಿಸಿ ತಾಗಿದ ಕಡೆ ಲೇಪ ಕಪ್ಪಾಗಿ ಅಕ್ಷರ ಮೂಡಿರುತ್ತದೆ. ಹಾಗಾಗಿ ಅಳಿಸುವುದೂ ಬಿಸಿಯಿಂದಲೇ. ಚೀಟಿ ಕಿತ್ತು ಕಲ್ಲಿನ ಕಟ್ಟೆ ಮೇಲೆ ಹರಡಿ, ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯನ್ನು ಅದರ ಮೇಲೆ ಒತ್ತುತ್ತೇನೆ. ಪಾತ್ರೆ ಎತ್ತಿದರೆ ತಳದ ಆಕಾರಕ್ಕೆ ಇಡೀ ಚೀಟಿ ಕಪ್ಪಗಾಗಿರುತ್ತದೆ, ಹೆಸರು, ವಿಳಾಸ, ಬಾರ್‌ಕೋಡ್ ಎಲ್ಲ ಆ ಕಪ್ಪಿನಲ್ಲೇ ಮುಳುಗಿರುತ್ತವೆ. ಮೇಲೆ ಪ್ಲಾಸ್ಟಿಕ್ ಹಾಳೆ ಇದ್ದರೆ ಮೊದಲು ತೆಗೆಯಿರಿ, ಇಲ್ಲದಿದ್ದರೆ ಕರಗಿ ಪಾತ್ರೆಗೆ ಹಿಡಿದುಕೊಳ್ಳುತ್ತದೆ. ಗೆರೆ ಮೂಡದಿದ್ದರೆ ಅದು ಮಾಮೂಲಿ ಪ್ರಿಂಟ್. ಹರಿದು ನೀರಿನ ಮಗ್‌ನಲ್ಲಿ ನೆನೆಸಿ ಮುದ್ದೆ ಮಾಡಿ ಎಸೆಯುವುದು. ಬಾರ್‌ಕೋಡ್ ಕೆಳಗಿನ ನಂಬರನ್ನೂ ಬಿಡಬೇಡಿ, ಅದನ್ನು ಕೊರಿಯರ್ ಸೈಟಿನಲ್ಲಿ ಹಾಕಿದರೆ ಪಾರ್ಸೆಲ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತೋರಿಸುತ್ತದೆ. ರಿವ್ಯೂಗೆ ಫೋಟೊ ಹಾಕುವವರು ಡಬ್ಬದ ಮೇಲ್ಭಾಗ ಬರದಂತೆ ತೆಗೆಯಿರಿ.

ಹಾಸನದಲ್ಲಿರುವ ಅಮ್ಮನಿಗೆ ಇಷ್ಟೆಲ್ಲ ಹೇಳಿದರೆ "ನಂಗ್ಯಾಕೆ ಈ ರಾಮಾಯಣ" ಅನ್ನುತ್ತಾರೆ. ಅವರಿಗೆ ಎರಡೇ ನಿಯಮ. ಪಾರ್ಸೆಲ್ ಬರುವುದಿದ್ದರೆ ನಾನು ಬೆಳಿಗ್ಗೆ ವಾಟ್ಸಾಪ್ ಮಾಡಿರುತ್ತೇನೆ, ಮಾಡಿರದ ದಿನ ಯಾರು ಬಂದರೂ ದುಡ್ಡು ಕೊಡಬಾರದು. ಆರ್ಡರ್ ಮಾಡದೇ ಇದ್ದರೂ ಕ್ಯಾಶ್ ಆನ್ ಡೆಲಿವರಿ ಅಂತ ತಂದು ಹಣ ವಸೂಲಿ ಮಾಡುವವರಿದ್ದಾರೆ, ಹೆಸರು ವಿಳಾಸ ಎರಡೂ ಸರಿಯಾಗಿರುವುದರಿಂದ ಮನೆಯಲ್ಲಿರುವ ಹಿರಿಯರು ಮಕ್ಕಳೇ ತರಿಸಿರಬೇಕು ಅಂದುಕೊಳ್ಳುತ್ತಾರೆ. ಎರಡನೆಯದು, 'ನಿಮ್ಮ ವಿಳಾಸ ಅಪೂರ್ಣ, ಈ ಲಿಂಕ್ ಒತ್ತಿ ಸರಿಪಡಿಸಿ' ಅಂತ ಅಂಚೆ ಇಲಾಖೆ ಹೆಸರಿನಲ್ಲಿ ಮೆಸೇಜ್ ಬಂದರೆ ಡಿಲೀಟ್. ಅದು ಸುಳ್ಳು ಅಂತ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿಯೇ ಎಚ್ಚರಿಸಿದೆ. ಹಣ ಹೋಗೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಆ ನಂಬರ್ ಅಮ್ಮನ ಕ್ಯಾಲೆಂಡರ್ ಮೇಲೆ ಬರೆದಿದೆ.

ಕಾನೂನಿನಿಂದ ಏನು ಸಿಗುತ್ತದೆ ಅಂತ ಕೇಳುತ್ತೀರಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ನಲ್ಲಿ ಹೇಳಿತು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ನಮ್ಮ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಅದರಲ್ಲಿದೆ. ಆದರೆ ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು ಇಟ್ಟಿದ್ದಾರೆ. ಅಲ್ಲಿಯವರೆಗೆ ನನ್ನ ಪಾತ್ರೆ, ನನ್ನ ಡೈರಿಯೇ ಗತಿ.

ಇನ್ನು ವಾಷಿಂಗ್ ಮೆಷಿನ್, ಫ್ರಿಜ್ ಥರದ್ದನ್ನು ಶೆಟ್ಟರ ಅಂಗಡಿಯಲ್ಲಿ ಇಳಿಸೋಕಾಗಲ್ಲ ಅಲ್ವಾ. ಅದಕ್ಕೆ ನಿಜವಾದ ಮನೆ ವಿಳಾಸವನ್ನೇ ಕೊಡುತ್ತೇನೆ. ಆದರೆ ನಂಬರ್ ಎರಡನೇ ಸಿಮ್ಮಿನದು, ಅವರು ಬರುವ ಹೊತ್ತಿಗೆ ಕೆಳಗಿನ ಮನೆ ಆಂಟಿಯನ್ನು ಕರೆದಿರುತ್ತೇನೆ. ಜೋಡಿಸಿ ಹೋದ ಮೇಲೆ, ವಾಪಸ್ ಮಾಡುವ ಗಡುವು ಮುಗಿದ ಕೂಡಲೇ, ಖಾತೆಯಿಂದ ಆ ವಿಳಾಸ ತೆಗೆದುಬಿಡುತ್ತೇನೆ. ಹಳೇ ಆರ್ಡರಿನಲ್ಲಿ ಅದು ಉಳಿದೇ ಇರುತ್ತದೆ. ಆದರೆ ಮುಂದಿನ ಸಲ ಅವಸರದಲ್ಲಿ ಒಂದು ಜೊತೆ ಚಪ್ಪಲಿ ತರಿಸುವಾಗ ಪಟ್ಟಿಯಲ್ಲಿ ಮೊದಲು ಬರುವುದು ಶೆಟ್ಟರ ಅಂಗಡಿಯೇ.