ತುಮಕೂರಿನ ಅಂಗಡಿಗಳ ಪೇಜುಗಳನ್ನು ನಾನು ಉಳಿಸಿಕೊಂಡು ಬಂದ ಬಗೆ

2010ರಲ್ಲಿ ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್, ಇವೇ ಕೆಲಸ. ಎಂ.ಜಿ. ರಸ್ತೆಯ ಸೀರೆ ಅಂಗಡಿಯ ಮಾಲೀಕರು ಒಂದು ಸಂಜೆ ಬಂದರು. "ಕಾಲೇಜು ಹುಡುಗರೆಲ್ಲ ಫೇಸ್‌ಬುಕ್‌ನಲ್ಲೇ ಇದ್ದಾರಂತೆ. ನಮ್ಮ ಅಂಗಡಿದೂ ಒಂದು ಮಾಡಿಕೊಡಪ್ಪ" ಎಂದರು. ನಾನು ಮಾಡಿದ ಮೊದಲ ಪೇಜ್ ಅದು.

ಆಗ ಪೇಜಿನೊಳಗೆ ನಮಗೆ ಬೇಕಾದ ಹಾಗೆ ಒಂದು ಟ್ಯಾಬ್, ಅಂದರೆ ಒಂದು ಒಳಪುಟ, ಕಟ್ಟಬಹುದಿತ್ತು. ಎಫ್‌ಬಿಎಂಎಲ್ ಎಂಬ ಫೇಸ್‌ಬುಕ್‌ನದೇ ಕೋಡ್ ಬರೆದು, 520 ಪಿಕ್ಸೆಲ್ ಅಗಲದಲ್ಲಿ ಸ್ವಾಗತದ ಪುಟ ಮಾಡುತ್ತಿದ್ದೆ. ಹೊಸಬರು ಬಂದರೆ ಮೊದಲು ಅದೇ ಕಾಣುವ ಹಾಗೆ ಇಡಬಹುದಿತ್ತು. ಸೀರೆಯ ಸೆರಗು, ಅಂಗಡಿಯ ದೀಪ, ಕನ್ನಡದಲ್ಲಿ ದೊಡ್ಡದಾಗಿ ಸ್ವಾಗತ. ನೋಡಿದವರೆಲ್ಲ ನಮಗೂ ಬೇಕು ಅಂದರು. ವರ್ಷದೊಳಗೆ ಐದಾರು ಅಂಗಡಿಗಳಿಗೆ ಮಾಡಿಕೊಟ್ಟೆ.

2011ರ ಮಾರ್ಚ್‌ನಿಂದ ಹೊಸದಾಗಿ ಎಫ್‌ಬಿಎಂಎಲ್ ಟ್ಯಾಬ್ ಹಾಕಲು ಆಗಲಿಲ್ಲ. ಬದಲಿಗೆ ಐಫ್ರೇಮ್ ಬಂತು. ಅಂದರೆ ಪುಟ ನಮ್ಮದೇ ಸರ್ವರ್‌ನಲ್ಲಿ ಇರಬೇಕು, ಫೇಸ್‌ಬುಕ್ ಅದಕ್ಕೊಂದು ಕಿಟಕಿ ಮಾತ್ರ ಕೊಡುತ್ತದೆ. ನನಗೆ ಇದು ಒಳ್ಳೆಯದೇ ಅನಿಸಿತು. ಸಾಮಾನ್ಯ ಎಚ್‌ಟಿಎಂಎಲ್ ಸಾಕು, ಪುಟವೂ ನಮ್ಮ ಕೈಲಿ ಇರುತ್ತದೆ ಅಲ್ವಾ? ಎಲ್ಲ ಪುಟಗಳನ್ನೂ ಒಂದು ಹೋಸ್ಟಿಂಗ್‌ಗೆ, ಅಂದರೆ ಬಾಡಿಗೆ ಸರ್ವರ್‌ಗೆ, ಸಾಗಿಸಿದೆ. ಆದರೆ ಅಕ್ಟೋಬರ್ 1ರಿಂದ ಅಂಥ ಪುಟಗಳಿಗೆ ಎಸ್‌ಎಸ್‌ಎಲ್ (https ವಿಳಾಸದ ಸುರಕ್ಷತೆ) ಕಡ್ಡಾಯ ಎಂಬ ಸೂಚನೆಯನ್ನು ನಾನು ಓದಿಯೇ ಇರಲಿಲ್ಲ. ಆಯುಧ ಪೂಜೆಯ ವಾರ. ಸೀರೆ ವ್ಯಾಪಾರ ಜೋರಾಗಿರುವ ಹೊತ್ತು. "ಏನಪ್ಪಾ, ನಮ್ಮ ಪುಟ ಇದ್ದ ಕಡೆ ಖಾಲಿ ಇದೆಯಲ್ಲ?" ಎಂದು ಸೀರೆ ಅಂಗಡಿಯ ಮಾಲೀಕರ ಫೋನ್ ಬಂತು. ಆ ರಾತ್ರಿಯೇ ಹೋಸ್ಟಿಂಗ್‌ನವರಿಗೆ ದುಡ್ಡು ಕಟ್ಟಿ ಎಸ್‌ಎಸ್‌ಎಲ್ ಹಾಕಿಸಿದೆ. ಮಾಲೀಕರು ಬೈಯಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ನಿಜವಾದ ಪೆಟ್ಟು ಬಿದ್ದದ್ದು 2012ರ ಯುಗಾದಿ ಕಳೆದು ಒಂದು ವಾರಕ್ಕೆ. ಮಾರ್ಚ್ 30ಕ್ಕೆ ಎಲ್ಲ ಪೇಜುಗಳೂ ಟೈಮ್‌ಲೈನ್ ಎಂಬ ಹೊಸ ರೂಪಕ್ಕೆ ಬಂದವು. ಮೊದಲು ಸ್ವಾಗತದ ಪುಟವನ್ನೇ ತೋರಿಸುವ ವ್ಯವಸ್ಥೆ ಹೋಯಿತು. ಮೇಲೆ 851ಕ್ಕೆ 315ರ ಕವರ್ ಚಿತ್ರ ಬಂತು. ಆಗಿನ ನಿಯಮದಂತೆ ಅದರಲ್ಲಿ ಬೆಲೆ, ರಿಯಾಯಿತಿ, ಫೋನ್ ನಂಬರ್ ಏನೂ ಇರುವ ಹಾಗಿರಲಿಲ್ಲ. ಟ್ಯಾಬಿನ ಅಗಲ 520ರಿಂದ 810 ಪಿಕ್ಸೆಲ್‌ಗೆ ಏರಿತು.

ನಾನು ಸಿಕ್ಕಿಬಿದ್ದದ್ದು ಈ ಅಗಲದಲ್ಲಿ. ನಾನು ಕನ್ನಡವನ್ನು ನುಡಿ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ. ಹಳೆಯ ನುಡಿ ಅಕ್ಷರ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಸಂಕೇತ, ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದಕ್ಕೇ ಇಡೀ ಪುಟವನ್ನು ಫೋಟೋಶಾಪ್‌ನಲ್ಲಿ ಜೋಡಿಸಿ ಒಂದೇ ಚಿತ್ರ ಮಾಡಿ ಹಾಕಿದ್ದೆ. ಈಗ ಅದನ್ನು 810ಕ್ಕೆ ಹಿಗ್ಗಿಸಿದರೆ ಅಕ್ಷರವೆಲ್ಲ ಮಬ್ಬು. ಎರಡು ಅಂಗಡಿಗಳ ಮೂಲ ಫೈಲೂ ನನ್ನ ಹತ್ತಿರ ಇರಲಿಲ್ಲ, ಜೆಪೆಗ್ ಮಾತ್ರ ಉಳಿದಿತ್ತು. ವಿಳಾಸ, ಸಮಯ, ಸೀರೆಗಳ ಹೆಸರು, ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಉಳಿದ ಅಂಗಡಿಗಳದ್ದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ. ಅದರಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟುಬಂದವು. ಒಂದೊಂದೇ ಸಾಲು ಕೂತು ತಿದ್ದಿದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆ ಟ್ಯಾಬಿನ ಉದ್ದನೆಯ ವಿಳಾಸವನ್ನೇ ವಿಸಿಟಿಂಗ್ ಕಾರ್ಡ್‌ಗಳ ಮೇಲೆ ಅಚ್ಚು ಹಾಕಿಸಿದ್ದೆ. ಮುಂದೆ ಜನ ಫೇಸ್‌ಬುಕ್ಕನ್ನು ಮೊಬೈಲಿನಲ್ಲಿ ನೋಡತೊಡಗಿದರು. ಮೊಬೈಲ್ ಆ್ಯಪ್‌ನಲ್ಲಿ ನಮ್ಮ ಟ್ಯಾಬ್ ಕಾಣುತ್ತಲೇ ಇರಲಿಲ್ಲ. ಕಾರ್ಡ್ ಮಾತ್ರ ಜನರ ಪರ್ಸಿನಲ್ಲಿ ಹಾಗೇ ಇತ್ತು.

ಅಂದಿನಿಂದ ಕೆಲಸದ ರೀತಿ ಬದಲಿಸಿದೆ. ಪ್ರತಿ ಅಂಗಡಿಗೂ ಅದರದೇ ಹೆಸರಿನ ಡೊಮೇನ್, ಅಂದರೆ ಸ್ವಂತ ವೆಬ್ ವಿಳಾಸ, ಕೊಳ್ಳಿಸುತ್ತೇನೆ. ಕಾರ್ಡ್, ಬಿಲ್, ಚೀಲ, ಕ್ಯೂಆರ್ ಸ್ಟಿಕ್ಕರ್, ಎಲ್ಲದರ ಮೇಲೂ ಆ ವಿಳಾಸ ಒಂದೇ. ಅದನ್ನು ಒತ್ತಿದವರನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ನಾನು ಹಿಂದಿನಿಂದ ಬದಲಿಸುತ್ತೇನೆ. ಮೊದಲು ಫೇಸ್‌ಬುಕ್‌ಗೆ, ಆಮೇಲೆ ಇನ್‌ಸ್ಟಾಗ್ರಾಂಗೆ, ಈಗ ಸುಮಾರು ಅಂಗಡಿಗಳದ್ದು ನೇರ ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ಗೆ ಹೋಗುತ್ತದೆ. ಅಂಗಡಿಯ ವಿವರವೆಲ್ಲ ಯೂನಿಕೋಡ್ ಕನ್ನಡದಲ್ಲಿ ಒಂದು ಎಕ್ಸೆಲ್ ಶೀಟಿನಲ್ಲಿ ಇರುತ್ತದೆ. ಫೋಟೋ ಮೇಲೆ ಬೆಲೆ ಬರೆಯುವುದಿಲ್ಲ, ಅದು ಕೆಳಗಿನ ಬರಹದಲ್ಲಿ ಬರುತ್ತದೆ. ಪೇಜಿಗೆ ಮಾಲೀಕರೂ ಅವರ ಮನೆಯವರೊಬ್ಬರೂ ಅಡ್ಮಿನ್ ಆಗಿರಲೇಬೇಕು. ಕೆಲಸದ ಹುಡುಗನ ಖಾತೆಯಲ್ಲಿ ಮಾತ್ರ ಇಟ್ಟರೆ ಅವನು ಬಿಟ್ಟುಹೋದ ದಿನ ಪೇಜೂ ಹೋಗುತ್ತದೆ. ಇದನ್ನು ಎರಡು ಕಡೆ ಕಣ್ಣಾರೆ ಕಂಡಿದ್ದೇನೆ.

2014ರ ನವೆಂಬರ್ 1ಕ್ಕೆ ಊರಿನ ಹೆಸರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ತುಮಕೂರು ಆಯಿತು. ನಾಲ್ಕೇ ದಿನಕ್ಕೆ, ನವೆಂಬರ್ 5ಕ್ಕೆ, ಲೈಕ್ ಒತ್ತಿದರೆ ಮಾತ್ರ ಕೂಪನ್ ತೋರಿಸುವ ಪದ್ಧತಿಯನ್ನು ಫೇಸ್‌ಬುಕ್ ನಿಲ್ಲಿಸಿತು. ಶೀಟ್ ಇದ್ದದ್ದರಿಂದ ಎರಡನ್ನೂ ಒಂದೇ ವಾರದಲ್ಲಿ ಸರಿ ಮಾಡಿದೆ. ಕೂಪನ್ ಹೋದದ್ದು ಒಳ್ಳೆಯದೇ ಆಯಿತು. ಹಾಗೆ ಬಂದ ಲೈಕ್‌ಗಳಿಂದ ಒಂದು ಸೀರೆಯೂ ಮಾರಾಟವಾದದ್ದು ನಾನು ನೋಡಲಿಲ್ಲ.

ಎಲ್ಲವನ್ನೂ ಉಳಿಸಿಕೊಂಡೆ ಅಂತಲೂ ಅಲ್ಲ. ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲಿನ ಹುಡುಗ ಟಿಕ್‌ಟಾಕ್‌ನಲ್ಲಿ ಚೆಂದದ ವಿಡಿಯೋ ಮಾಡುತ್ತಿದ್ದ. ಎಲ್ಲವನ್ನೂ ಆ್ಯಪ್‌ನೊಳಗೇ ಚಿತ್ರಿಸುತ್ತಿದ್ದ. 2020ರ ಜೂನ್ 29ಕ್ಕೆ ನಿಷೇಧ ಬಂತು. ಮೂಲ ವಿಡಿಯೋ ಒಂದೂ ಫೋನಿನಲ್ಲಿ ಇರಲಿಲ್ಲ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು, ಆದರೆ ಸೊನ್ನೆಯಿಂದ ಶುರು ಮಾಡಬೇಕಾಯಿತು. ಈಗ ಮೊದಲು ಫೋನಿನ ಕ್ಯಾಮೆರಾದಲ್ಲೇ ಚಿತ್ರಿಸುತ್ತಾನೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತವಾಗಿ ಕೊಟ್ಟಿದ್ದ ವೆಬ್‌ಸೈಟನ್ನೇ ನಂಬಿದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅಂಥ ಸೈಟ್‌ಗಳನ್ನೆಲ್ಲ ಮುಚ್ಚಿತು. ಅವರ ಬರಹ, ಚಿತ್ರ ನಮ್ಮ ಹತ್ತಿರ ಇದ್ದವು. ಮೂರು ದಿನದಲ್ಲಿ ಅವರದೇ ಡೊಮೇನಿಗೆ ಸಾಗಿಸಿದೆವು.

2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಪ್ರೊಫೈಲಿನ ಚೌಕಗಳು ಉದ್ದವಾದವು. ಸೀರೆಯ ಚೌಕ ಚಿತ್ರಗಳ ಎರಡೂ ಪಕ್ಕ ಕತ್ತರಿಸಿ, ಅಂಚೇ ಕಾಣದ ಹಾಗಾಯಿತು. ಅಂಚು ಕಾಣದ ಸೀರೆಯನ್ನು ಯಾರು ಕೊಳ್ಳುತ್ತಾರೆ? ಮೂಲ ಫೋಟೋಗಳನ್ನು ತೆಗೆದು, ಹೊಸ ಅಳತೆಗೆ ಕತ್ತರಿಸುತ್ತಾ ಎರಡು ಸಂಜೆ ಕೂತೆ. ಈಗ ಆ ಸೀರೆ ಅಂಗಡಿ ನೋಡಿಕೊಳ್ಳುವುದು ಮಾಲೀಕರ ಸೊಸೆ. ಎರಡನೇ ಸಂಜೆ ಅವರೇ ಬಂದು ಪಕ್ಕದಲ್ಲಿ ಕೂತರು. "ಅಣ್ಣಾ, ಆ ಶೀಟು ನನಗೂ ಕೊಡಿ, ಮುಂದಿನ ಸಲ ನಾನೇ ಮಾಡ್ತೀನಿ" ಎಂದರು. ಶೀಟು, ಫೋಟೋಗಳು, ಡೊಮೇನಿನ ಪಾಸ್‌ವರ್ಡ್, ಎಲ್ಲವನ್ನೂ ಅಂದೇ ಅವರಿಗೆ ಒಪ್ಪಿಸಿದೆ.